ಕಾಂಪೌಂಡು ದಾಟದ ಜೀವನ ಕೌಶಲ

ಸಂಶೋಧನಾ ಲೇಖನವೊಂದು ತನ್ನ ಶೀರ್ಷಿಕೆಯಲ್ಲೇ ತನ್ನನ್ನು ಪ್ರಶ್ನಿಸಿಕೊಳ್ಳುವುದು ಅಪರೂಪ. ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಪ್ರಕಟಿಸಿದ ಲೇಖನ ಅಂಥದ್ದು. ಶಾಲೆಯಲ್ಲಿ ಜೀವನ ಕೌಶಲ ಕಲಿಸಿ ಹದಿಹರೆಯದವರ ಮನಸ್ಸನ್ನು ಗಟ್ಟಿಗೊಳಿಸುವ ಕಾರ್ಯಕ್ರಮ ನಿಜಕ್ಕೂ ಫಲ ಕೊಡುತ್ತದೆಯೇ ಎಂಬುದು ಅದರ ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗಾಗಿ ಬರೆದ ಲೇಖನವಲ್ಲ ಅದು. ಆದರೆ ಶಿಕ್ಷಕರ ಕೈಯಿಂದಲೇ ಈ ಕೆಲಸ ಮಾಡಿಸುವ ಚಿಂತನೆ ಇಂದಿಗೂ ನಮ್ಮ ಶಾಲೆಗಳ ಮೇಲಿರುವುದರಿಂದ, ಈ ನಾಲ್ಕು ತಾಲ್ಲೂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಮತ್ತೆ ಓದಿದೆ.

ಮಾದರಿ ಸರಳವಾಗಿದೆ. ಪ್ರತಿ ಶಾಲೆಗೂ ಮನೋವೈದ್ಯರನ್ನು ಕಳಿಸಲು ನಮ್ಮ ದೇಶದಲ್ಲಿ ಸಾಧ್ಯವಿಲ್ಲ. ಆದ್ದರಿಂದ ಇರುವ ಶಿಕ್ಷಕರಿಗೇ ತರಬೇತಿ ಕೊಟ್ಟು, ಆಟ, ಚರ್ಚೆ, ಗುಂಪು ಚಟುವಟಿಕೆಗಳ ಮೂಲಕ ತನ್ನನ್ನು ತಾನು ಅರಿಯುವುದು, ಯೋಚಿಸಿ ನಿರ್ಧರಿಸುವುದು, ಒತ್ತಡ ತಾಳಿಕೊಳ್ಳುವುದು ಮುಂತಾದವನ್ನು ಕಲಿಸುವುದು. ಬೋಧನೆಯೆಂದರೆ ಉಪದೇಶವೆಂದೇ ತಿಳಿದಿರುವ ನಮ್ಮಲ್ಲಿ ಇದು ಸಣ್ಣ ಸಂಗತಿಯಲ್ಲ.

ಒಂದು ವರ್ಷದ ಬಳಿಕ ಎರಡು ಪ್ರೌಢಶಾಲೆಗಳ 605 ಮಕ್ಕಳನ್ನು ಕಾರ್ಯಕ್ರಮವಿಲ್ಲದ ಅಕ್ಕಪಕ್ಕದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಲಾಯಿತು. ಕಾರ್ಯಕ್ರಮದಲ್ಲಿದ್ದ ಮಕ್ಕಳ ಆತ್ಮಗೌರವ, ಕಷ್ಟವನ್ನು ನಿಭಾಯಿಸಬಲ್ಲೆನೆಂಬ ಭರವಸೆ, ಶಾಲೆಯೊಂದಿಗೆ ಮತ್ತು ಶಿಕ್ಷಕರೊಂದಿಗೆ ಹೊಂದಾಣಿಕೆ ಎಲ್ಲವೂ ಉತ್ತಮವಾಗಿದ್ದವು. ಇಷ್ಟನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಮುಂದಿನ ಸಾಲನ್ನು ಯಾರೂ ಹೆಚ್ಚು ಉಲ್ಲೇಖಿಸುವುದಿಲ್ಲ. ಮಾನಸಿಕ ತೊಂದರೆಗಳ ವಿಷಯದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿನ ಹೊಂದಾಣಿಕೆಯಲ್ಲಾಗಲಿ ಓರಗೆಯವರೊಂದಿಗಿನ ಹೊಂದಾಣಿಕೆಯಲ್ಲಾಗಲಿ ವ್ಯತ್ಯಾಸವಿರಲಿಲ್ಲ.

ಆರೋಗ್ಯವನ್ನು ಬೆಳೆಸಲು ಹೊರಟ ಕಾರ್ಯಕ್ರಮ ಕಾಯಿಲೆಯನ್ನು ವಾಸಿಮಾಡಲಿಲ್ಲವೆಂದು ದೂರುವುದು ಅನ್ಯಾಯ. ಲೇಖಕರು ಈ ಫಲಿತಾಂಶವನ್ನು ಬಚ್ಚಿಡದೆ ಹೇಳಿದ್ದಾರೆ, ಅದು ಅವರ ಪ್ರಾಮಾಣಿಕತೆ. ನನ್ನ ತಕರಾರು ಅದನ್ನು ಓದಿದವರ ಮೇಲೆ. ಕಾರ್ಯಕ್ರಮದ ಫಲ ಶಾಲೆಯ ಕಾಂಪೌಂಡಿನವರೆಗೆ ಬಂದು ನಿಂತಿದೆ ಎಂದು ಅಂಕಿಗಳೇ ಹೇಳುತ್ತಿರುವಾಗ, ಕಾಂಪೌಂಡಿನಾಚೆ ಏನಿದೆ ಎಂದು ಆಮೇಲಾದರೂ ಕೇಳಬೇಕಿತ್ತು.

ಆಚೆ ಏನಿದೆ? ಕೆ.ಆರ್. ನಗರದ ಕಾಲುವೆ ಬಯಲಿನಲ್ಲಿ ಹೆಚ್ಚಾಗಿ ಭತ್ತ. ಉಳಿದ ಮೂರು ತಾಲ್ಲೂಕುಗಳಲ್ಲಿ ತಂಬಾಕು. ಮುಂಗಾರಿನಲ್ಲಿ ನೆಟ್ಟ ಸಸಿ ಜುಲೈ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ಶಾಲೆ ತೆರೆದು ಪಾಠ ಬಿಸಿಯೇರುವ ಕಾಲವೂ ಅದೇ. ಎಲೆ ಮುರಿದ ದಿನವೇ ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು, ಹಗಲುರಾತ್ರಿ ದಿನಗಟ್ಟಲೆ ಬೆಂಕಿ ಕಾಯಬೇಕು. ಮನೆಮಂದಿಯ ಕೈಗಳೆಲ್ಲ ಬೇಕಾಗುವ ಕೆಲಸ, ಮಕ್ಕಳ ಕೈಗಳೂ ಸೇರಿ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದರೆ ತಲೆನೋವು, ತಲೆಸುತ್ತು, ವಾಂತಿ ಬರುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ, ಓದಿನಲ್ಲಿ ಮನಸ್ಸು ನಿಲ್ಲದ ಹುಡುಗಿಯನ್ನು ತರಬೇತಿ ಪಡೆದ ಶಿಕ್ಷಕಿ ಗುರುತಿಸಿದರು ಎಂದಿಟ್ಟುಕೊಳ್ಳೋಣ. ಅದು ಖಿನ್ನತೆಯೋ, ನಿದ್ದೆಗೆಟ್ಟದ್ದೋ, ಎಲೆಯ ನಂಜೋ? ಮನೆಗೆ ಹೋಗದೆ ತಿಳಿಯುವುದಿಲ್ಲ. 'ಬೇಡ' ಎಂದು ಹೇಳುವ ಧೈರ್ಯವನ್ನೂ ಜೀವನ ಕೌಶಲ ಕಲಿಸುತ್ತದೆ. ಕತ್ತಲಾದ ಮೇಲೆ ಅವ್ವ ಒಬ್ಬಳೇ ಸೊಪ್ಪು ಕಟ್ಟುತ್ತಾ ಕುಳಿತಿರುವಾಗ ಮಗಳು ಯಾರಿಗೆ ಬೇಡವೆನ್ನಬೇಕು?

ಹರಾಜಿನಲ್ಲಿ ಬೆಲೆ ಬಿದ್ದ ವರ್ಷ ಮನೆಯ ಮಾತುಕತೆಯೇ ಬದಲಾಗುತ್ತದೆ. 2015ರಲ್ಲಿ ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ಸಾಲುಗಟ್ಟಿದಾಗ ಮೈಸೂರು ಜಿಲ್ಲೆಯೂ ಹೊರತಾಗಿರಲಿಲ್ಲ. ಪರಿಹಾರದ ಮೊತ್ತದ ಬಗ್ಗೆ ನಾವೆಲ್ಲ ಚರ್ಚಿಸಿದೆವು. ಅಂಥ ಮನೆಯಿಂದ ಮತ್ತೆ ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ ಮಗುವಿನ ಬಗ್ಗೆ ಎಷ್ಟು ಚರ್ಚಿಸಿದೆವು?

ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಕಥೆ ಇನ್ನೂ ಬೇರೆ. ಅಲ್ಲಿ ಮಗುವೇ ಮನೆ ಬಿಟ್ಟು ಬರುತ್ತದೆ. ನಾಗರಹೊಳೆ ಕಾಡಿನಿಂದ ಎದ್ದುಬಂದ ಜೇನುಕುರುಬರ ಮಕ್ಕಳು ಎಳೆ ವಯಸ್ಸಿನಲ್ಲೇ ಆಶ್ರಮ ಶಾಲೆ ಸೇರುತ್ತಾರೆ. ಕಾಫಿ ಹಣ್ಣಿನ ಕಾಲಕ್ಕೆ ಅಪ್ಪ ಅಮ್ಮ ಕೊಡಗಿನ ತೋಟದ ಲೈನ್ ಮನೆಯಲ್ಲಿ. ಮಗು ಹಾಸ್ಟೆಲ್ಲಿನಿಂದ ತಪ್ಪಿಸಿಕೊಂಡು ಹೋದರೆ 'ಗೈರುಹಾಜರಿ' ಎಂದು ಹಾಜರಿ ಪುಸ್ತಕ ಬರೆದುಕೊಳ್ಳುತ್ತದೆ. ಅದರ ಅಳಲು ಜೇನುನುಡಿಯಲ್ಲಿರುತ್ತದೆ, ಕೇಳಬೇಕಾದವರಿಗೆ ಆ ಮಾತು ಬಾರದು. ಸಂವಹನ ಕೌಶಲ ಇಲ್ಲಿ ಯಾರಿಗೆ ಕಲಿಸಬೇಕಾದದ್ದು ಎಂಬುದನ್ನು ಓದುಗರೇ ಯೋಚಿಸಲಿ.

ಇದೆಲ್ಲದರ ನಡುವೆ ಶಿಕ್ಷಕರನ್ನು ಬೈಯುವುದು ಸುಲಭ. ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಎಸ್ಸೆಸ್ಸೆಲ್ಸಿ ಶೇಕಡಾವಾರು ಇವುಗಳ ಮೇಲೆ, 2020ರಲ್ಲಿ ಕೇಂದ್ರ ಸರ್ಕಾರ ಶಾಲೆಗೆ ಇಬ್ಬರು ಶಿಕ್ಷಕರನ್ನು 'ಆರೋಗ್ಯ ರಾಯಭಾರಿ'ಗಳಾಗಿ ಮಾಡುವ ಯೋಜನೆ ತಂದಿತು. ಹನ್ನೊಂದು ವಿಷಯ, ವಾರಕ್ಕೊಂದು ಗಂಟೆ, ಮಾನಸಿಕ ಆರೋಗ್ಯ ಅವುಗಳಲ್ಲೊಂದು. ರಾಯಭಾರಿ ಎಂಬ ಪದ ಮಾತ್ರ ಭರ್ಜರಿಯಾಗಿದೆ.

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಸುಕದೇಬ್ ಸಾಹಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ಚರ್ಚೆಗೆ ಹೊಸ ತಿರುವು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರೆಂದೂ ಅದರಲ್ಲಿ 2,248 ಸಾವುಗಳಿಗೆ ಪರೀಕ್ಷೆಯ ಸೋಲು ಕಾರಣವೆಂದೂ ತೀರ್ಪು ಉಲ್ಲೇಖಿಸುತ್ತದೆ. ಸುಮಾರು ಆರರಲ್ಲಿ ಒಂದು. ನಮ್ಮ ಸಲಹೆ ಶಿಬಿರಗಳು ಮಾತ್ರ ಪರೀಕ್ಷೆ ಹತ್ತಿರ ಬಂದಾಗ ಎಚ್ಚರಗೊಳ್ಳುತ್ತವೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಒಬ್ಬ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಹೊಂದಿರಬೇಕು. ಅದಕ್ಕಿಂತ ಚಿಕ್ಕದಾದರೆ ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಂಡರೆ ಸಾಕು.

ನಮ್ಮ ಹಳ್ಳಿಗಳ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ನೂರು ಮಕ್ಕಳಿಲ್ಲ. ಅಂದರೆ ಅವುಗಳ ಪಾಲಿಗೆ ಉಳಿದದ್ದು 'ಸಂಪರ್ಕ'. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿನ 'ಮನೋಚೈತನ್ಯ'ವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. 2022ರಲ್ಲಿ ಟೆಲಿ-ಮಾನಸ್ ಬಂತು, 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲಿ ಮಾತಾಡಬಹುದು. ಎರಡೂ ಒಳ್ಳೆಯವೇ. ಆದರೆ ಮಂಗಳವಾರ ತಾಯಿಗೆ ಕೂಲಿಯ ದಿನ, ಫೋನು ಅಪ್ಪನ ಜೇಬಿನಲ್ಲಿ. ಮಗಳಿಗೆ 'ಗಾಳಿ ಸೋಕಿದೆ' ಎಂದು ತಾಯಿತ ಕಟ್ಟಿಸುವವರನ್ನು ನಾವು ಮೂಢರೆನ್ನುತ್ತೇವೆ. ಕಟ್ಟುವವನು ಅರ್ಧ ಗಂಟೆ ಕುಳಿತು ಮನೆಯವರ ಕಷ್ಟ ಕೇಳುತ್ತಾನೆ ಎಂಬುದನ್ನು ಗಮನಿಸುವುದಿಲ್ಲ.

ತೀರ್ಪಿನ 'ಸಮಾಜ ಕಾರ್ಯಕರ್ತ' ಎಂಬ ಪದಕ್ಕೆ ಈ ನಾಲ್ಕು ತಾಲ್ಲೂಕುಗಳಲ್ಲಿ ಅರ್ಥ ಬರಬೇಕಾದರೆ, ಹತ್ತಾರು ಸಣ್ಣ ಶಾಲೆಗಳಿಗೆ ಸೇರಿ ಒಬ್ಬರನ್ನಾದರೂ ನೇಮಿಸಬೇಕು. ಅವರ ಕೆಲಸದ ವೇಳೆ ಶಾಲೆ ಬಿಟ್ಟ ಮೇಲೆ ಶುರುವಾಗಬೇಕು, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬ್ಯಾರನ್ನುಗಳ ಬಳಿ, ಕಾಫಿ ಕಾಲದಲ್ಲಿ ಹಾಸ್ಟೆಲ್ಲಿನಲ್ಲಿ. ಆ ಹುದ್ದೆಗೆ ಸಂಬಳ ಯಾವ ಇಲಾಖೆಯದೆಂದು ಶಿಕ್ಷಣ, ಆರೋಗ್ಯ, ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗಳು ಮೊದಲು ಕುಳಿತು ತೀರ್ಮಾನಿಸಲಿ.