ಮಹಿಳಾ ಸಂಘದ ಸೇವೆ: ಪಡೆಯುವವರ ಕಡೆಯಿಂದ ನೋಡಿದಾಗ

ಜೂನ್ ಬಂತೆಂದರೆ ಬೆಂಗಳೂರಿನ ಕನಕಪುರ ರಸ್ತೆಯ ಆಸುಪಾಸಿನ ಸರ್ಕಾರಿ ಶಾಲೆಗಳಲ್ಲಿ ಬ್ಯಾಗು ಹಂಚುವ ಕಾರ್ಯಕ್ರಮ ಶುರುವಾಗುತ್ತದೆ. ಹಂಚುವವರು ಹೆಚ್ಚಾಗಿ ಬಡಾವಣೆಗಳ, ಅಪಾರ್ಟ್‌ಮೆಂಟ್‌ಗಳ ಮಹಿಳಾ ಸಂಘದವರು. ಪ್ರಾರ್ಥನೆ, ಸ್ವಾಗತ, ಎರಡು ಭಾಷಣ, ಆಮೇಲೆ ಮಕ್ಕಳ ಸಾಲು. ಪ್ರತಿ ಮಗುವೂ ಬ್ಯಾಗನ್ನು ಎದೆಗೆ ಹಿಡಿದು ಮೊಬೈಲಿನ ಕಡೆ ನೋಡಬೇಕು. ಕೊಟ್ಟವರ ಕೈ ಇನ್ನೂ ಬ್ಯಾಗಿನ ಮೇಲೇ ಇರುತ್ತದೆ. ಫೋಟೊ ಸರಿಯಾಗಿ ಬರದಿದ್ದರೆ ಮಗು ಮತ್ತೊಮ್ಮೆ ಬಂದು ನಿಲ್ಲಬೇಕು. ಹಿಂದಿನ ಬೆಂಚಿನಲ್ಲಿ ಕೂತ ತಾಯಂದಿರು ಚಪ್ಪಾಳೆ ತಟ್ಟುತ್ತಾರೆ, ಒಂದು ಮಾತೂ ಆಡುವುದಿಲ್ಲ. ಅವರನ್ನು ಯಾರೂ ಮಾತಾಡಿಸಿರುವುದೂ ಇಲ್ಲ.

ಕೇಳಿದ್ದರೆ ಏನು ಹೇಳುತ್ತಿದ್ದರು? ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಇವನ್ನೆಲ್ಲ ಸರ್ಕಾರವೇ ಕೊಡುತ್ತದೆ. ತಡವಾಗಿಯಾದರೂ ಬರುತ್ತದೆ. ನೋಟ್‌ಬುಕ್ಕು ಮಾತ್ರ ವರ್ಷದ ನಡುವೆ, ದಸರಾ ರಜೆ ಮುಗಿದ ಮೇಲೆ ಖಾಲಿಯಾಗುತ್ತದೆ. ಆ ಹೊತ್ತಿಗೆ ಹಂಚುವವರು ಯಾರೂ ಶಾಲೆಯ ಹತ್ತಿರ ಇರುವುದಿಲ್ಲ. ಕಣ್ಣು ಮಂಜಾಗಿ ಬೋರ್ಡು ಕಾಣದ ಹುಡುಗಿಗೆ ಬೇಕಾದದ್ದು ಕನ್ನಡಕ. ಅದಕ್ಕಿಂತ ಮೊದಲು, ಅವಳಿಗೆ ಬೋರ್ಡು ಕಾಣುತ್ತಿಲ್ಲ ಎಂದು ಗಮನಿಸುವ ಒಂದು ಜೀವ ಬೇಕು. ಬ್ಯಾಗು ಹಾಗಲ್ಲ. ಅದು ಬೇಗ ಸಿಗುತ್ತದೆ, ಎಣಿಸಲು ಸುಲಭ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ.

ನಾನು ಇದನ್ನು ಬರೆಯುತ್ತಿರುವುದು ಆ ಹೆಂಗಸರನ್ನು ಹಳಿಯಲಿಕ್ಕಲ್ಲ. ಮನೆ, ಕೆಲಸ, ಅತ್ತೆ ಮಾವನ ಔಷಧಿ, ಮಕ್ಕಳ ಪರೀಕ್ಷೆ ಎಲ್ಲವನ್ನೂ ಸಂಭಾಳಿಸಿಕೊಂಡು, ಕೈಯಿಂದ ದುಡ್ಡು ಹಾಕಿ, ಚಿಕ್ಕಪೇಟೆಯಲ್ಲಿ ಸಗಟು ದರಕ್ಕೆ ಚೌಕಾಸಿ ಮಾಡಿ, ಆಟೊದಲ್ಲಿ ಹೇರಿಕೊಂಡು ಬರುವವರು ಅವರೇ. ಇಷ್ಟು ಶ್ರಮ ಬೀಳುವ ಕೆಲಸವನ್ನು ಹೊಗಳಿಕೆಯ ವರದಿಗೆ ಬಿಟ್ಟು ಸುಮ್ಮನಾದರೆ ಅದಕ್ಕೆ ಅಗೌರವ. ಒಂದು ಕಾದಂಬರಿಯನ್ನೋ ನಾಟಕವನ್ನೋ ನೋಡುವಷ್ಟೇ ಗಂಭೀರವಾಗಿ ಅದನ್ನೂ ನೋಡಬೇಕು. ಹಾಗೆ ನೋಡಿದಾಗ ನನ್ನ ತಕರಾರು ಒಂದೇ. ನಮ್ಮ ಮಹಿಳಾ ಸಂಘಗಳಲ್ಲಿ ಪಡೆಯುವ ಹೆಂಗಸಿಗೆ ಸಾಲಿನಲ್ಲಿ ಜಾಗವಿದೆ, ಸಮಿತಿಯಲ್ಲಿ ಇಲ್ಲ.

ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ಈ ಮಾತು ಎದ್ದು ಕಾಣುತ್ತದೆ. ಇಲ್ಲಿ ಹಳೆಯ ಊರಿದೆ, ಕೆರೆಯಿದೆ, ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಬಂತು. ಅದಕ್ಕೆ ಮೊದಲೂ ಆಮೇಲೂ ಎತ್ತರದ ಕಟ್ಟಡಗಳು ಏಳುತ್ತಲೇ ಇವೆ. ಅವುಗಳ ಕಾಂಪೌಂಡಿನ ಆಚೆ, ಶೀಟು ಹಾಕಿದ ಸಾಲು ಮನೆಗಳಲ್ಲಿ ಊರಿನವರೂ ಇದ್ದಾರೆ, ಗಾರೆ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದವರೂ ಇದ್ದಾರೆ. ಬೆಳಿಗ್ಗೆ ಗೇಟಿನಲ್ಲಿ ಸಹಿ ಹಾಕಿ ಒಳಗೆ ಹೋಗುವ ಹೆಂಗಸರು ಅಲ್ಲಿಯವರೇ. ಮನೆಯೊಳಗೆ ಒಬ್ಬರನ್ನೊಬ್ಬರು ದಿನಾ ನೋಡುವ ಈ ಎರಡು ಬಗೆಯ ಹೆಂಗಸರು ಸಂಘದ ಸಭೆಯಲ್ಲಿ ಮಾತ್ರ ಒಟ್ಟಿಗೆ ಕೂರುವುದಿಲ್ಲ.

ಕಾಂಪೌಂಡಿನ ಆ ಕಡೆಯವರಿಗೆ ಸಂಘ ಗೊತ್ತಿಲ್ಲವೆಂದಲ್ಲ. 2000ದಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಹದಿನೈದು ಇಪ್ಪತ್ತು ಹೆಂಗಸರ ಗುಂಪುಗಳನ್ನು ರಾಜ್ಯದಾದ್ಯಂತ ಕಟ್ಟಿದರು. ವಾರಕ್ಕೊಮ್ಮೆ ಸೇರುವುದು, ಉಳಿತಾಯ ಕಟ್ಟುವುದು, ಯಾರಿಗೆ ಸಾಲ ಕೊಡಬೇಕೆಂದು ತಾವೇ ತೀರ್ಮಾನಿಸುವುದು, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು. ಸಹಿ ಬರದವರು ಹೆಬ್ಬೆಟ್ಟು ಒತ್ತಿ, ಆಮೇಲೆ ಸಹಿ ಕಲಿತರು. ಈ ಗುಂಪುಗಳಿಗೂ ಕುಂದುಗಳಿವೆ. ಸಾಲದ ಕಂತೇ ಸಭೆಯ ಏಕೈಕ ವಿಷಯವಾಗಿಬಿಡುವ ಗುಂಪುಗಳಿವೆ. ಆದರೆ ದುಡ್ಡಿನ ಲೆಕ್ಕ, ಹೊಣೆ, ಜಗಳ, ರಾಜಿ ಇವೆಲ್ಲದರಲ್ಲಿ ಅಪಾರ್ಟ್‌ಮೆಂಟಿನ ಸಂಘದ ಪದಾಧಿಕಾರಿಗಳಿಗಿಂತ ಹೆಚ್ಚು ಅನುಭವ ಅಲ್ಲಿದೆ. ಒಂದೇ ಊರಿನ ಆ ಅನುಭವವನ್ನು ಈ ಸಂಘಗಳು ಒಮ್ಮೆಯೂ ಕರೆದು ಕೇಳದಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಬೆಂಗಳೂರಿನ ದಕ್ಷಿಣ ಭಾಗಕ್ಕೆ ಮಹಿಳಾ ಸಮಾಜದ ಪರಂಪರೆ ಹೊಸದಲ್ಲ. ಅದನ್ನು ಕಟ್ಟಿದವರಲ್ಲಿ ತಾವೇ ಪೆಟ್ಟು ತಿಂದವರಿದ್ದರು. ಆರ್. ಕಲ್ಯಾಣಮ್ಮ ಬಾಲವಿಧವೆ. 1921ರಲ್ಲಿ 'ಸರಸ್ವತಿ' ಪತ್ರಿಕೆ ಶುರುಮಾಡಿ ನಾಲ್ಕು ದಶಕ ನಡೆಸಿದರು, ಹೆಂಗಸರಿಗಾಗಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು, 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ತೆರೆದರು. ಅಲ್ಲಿನ ವೃತ್ತವನ್ನು ಜನ ಇಂದಿಗೂ ಮಕ್ಕಳ ಕೂಟವೆಂದೇ ಕರೆಯುತ್ತಾರೆ. ಬಸವನಗುಡಿಯ ಡಿ. ಸಾಕಮ್ಮ ಕಾಫಿಪುಡಿ ವ್ಯಾಪಾರದಿಂದ ಮೇಲೆ ಬಂದವರು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಹೋದರು, ಕುರುಹಿನಶೆಟ್ಟಿ ಸಮುದಾಯದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಮಾಡಿಸಿದರು. ಇವರಿಬ್ಬರ ಕೆಲಸದಲ್ಲೂ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಬಾಳಿಕೆ. ಪತ್ರಿಕೆ ಪ್ರತಿ ತಿಂಗಳೂ ಬರಬೇಕು, ಹಾಸ್ಟೆಲಿನಲ್ಲಿ ಪ್ರತಿ ದಿನವೂ ಒಲೆ ಹತ್ತಬೇಕು. ಅಂಥ ಕೆಲಸಕ್ಕೆ ಒಂದು ದಿನದ ಉತ್ಸಾಹ ಸಾಲದು.

ಕಲ್ಯಾಣಮ್ಮನವರ ಹೆಸರು ಬಂದದ್ದರಿಂದ ಇನ್ನೊಂದು ಮಾತನ್ನೂ ಹೇಳಲೇಬೇಕು. ನಮ್ಮ ಎಷ್ಟೋ ಸಂಘಗಳ ಸೇವಾ ಕಾರ್ಯಕ್ರಮ ವರಮಹಾಲಕ್ಷ್ಮಿ ಹಬ್ಬಕ್ಕೋ ನವರಾತ್ರಿಗೋ ಜೋಡಿಸಿಕೊಂಡು ನಡೆಯುತ್ತದೆ. ಮೊದಲು ಅರಿಶಿನ ಕುಂಕುಮ, ಆಮೇಲೆ ದಾನ. ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಒಂದೊಂದೇ ಕುರ್ಚಿಯ ಮುಂದೆ ನಿಲ್ಲುತ್ತಾ ಬರುತ್ತಾರೆ. ಗಂಡನನ್ನು ಕಳೆದುಕೊಂಡವರ ಮುಂದೆ ನಿಲ್ಲದೆ ದಾಟುತ್ತಾರೆ, ಇಲ್ಲವೇ ಅವರಿಗೆ ಹೂವು ಮಾತ್ರ ಕೊಡುತ್ತಾರೆ. ಅದು ಗೊತ್ತಿರುವುದರಿಂದಲೇ ಅವರಲ್ಲಿ ಅನೇಕರು ಆ ದಿನ ಬರುವುದೇ ಇಲ್ಲ. ಬಾಲವಿಧವೆಯೊಬ್ಬರು ಕಟ್ಟಿದ ಪರಂಪರೆಯಲ್ಲಿ ನಿಂತು, ಅಂಥವರೇ ಬಂದರೆ ಎಲ್ಲಿ ಕೂರಿಸಬೇಕೆಂದು ತಿಳಿಯದ ಸಂಘವನ್ನು ನಾನು ಒಪ್ಪಲಾರೆ. ಹಬ್ಬ ಬೇಡವೆನ್ನುತ್ತಿಲ್ಲ. ತಟ್ಟೆ ಎಲ್ಲರ ಮುಂದೂ ನಿಲ್ಲಲಿ. ಹಾಗೆ ನಿಲ್ಲಿಸಿದ ಸಂಘಗಳೂ ಇವೆ, ಅವುಗಳಿಗೆ ನನ್ನ ನಮಸ್ಕಾರ.

ಹೆಂಗಸರ ಸೇವಾಸಂಘಟನೆಯ ಬಗ್ಗೆ ಯೋಚಿಸುವಾಗ, ಇಂಥವೇ ಪ್ರಶ್ನೆಗಳನ್ನು ಎದುರಿಸಿದ ಯಹೂದಿ ಹೆಂಗಸರ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಬೆಂಗಳೂರಿನಲ್ಲಿ ಯಹೂದಿಗಳು ಯಾವಾಗಲೂ ಬೆರಳೆಣಿಕೆಯಷ್ಟು. ಮೈಸೂರು ರಸ್ತೆಯಲ್ಲಿರುವ ಅವರ ಪುಟ್ಟ ಸ್ಮಶಾನವನ್ನು ಕಂಡವರೂ ಕಡಿಮೆ. ಆದರೆ ನಾವು ವಿವೇಕಾನಂದರ ಹೆಸರಿನೊಂದಿಗೆ ನೆನೆಯುವ 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನದಲ್ಲೇ ಅವರ ಕಥೆಯ ಒಂದು ಎಳೆ ಇದೆ. ಅಲ್ಲಿ ಯಹೂದಿ ಗಂಡಸರ ಸಮಿತಿ ಹೆಂಗಸರಿಗೆ ವೇದಿಕೆ ಕೊಡದೆ, ಬಂದವರನ್ನು ಉಪಚರಿಸುವ ಕೆಲಸ ಮಾತ್ರ ಕೊಡಲು ಹೊರಟಾಗ ಹನ್ನಾ ಸಾಲೊಮನ್ ಮತ್ತು ಗೆಳತಿಯರು ಒಪ್ಪಲಿಲ್ಲ. ತಮ್ಮದೇ ಅಧಿವೇಶನ ನಡೆಸಿದರು, ಅದರ ಕೊನೆಗೆ ಯಹೂದಿ ಮಹಿಳೆಯರ ರಾಷ್ಟ್ರೀಯ ಪರಿಷತ್ತನ್ನು ಕಟ್ಟಿದರು. ಮುಂದೆ ಆ ಪರಿಷತ್ತಿನವರು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿಯುವ ಒಂಟಿ ಹುಡುಗಿಯರು ಮೋಸಗಾರರ ಕೈಗೆ ಸಿಗದಂತೆ ನೋಡಿಕೊಂಡರು. 1912ರಲ್ಲಿ ಹೆನ್ರಿಯೆಟಾ ಸೋಲ್ಡ್ ನ್ಯೂಯಾರ್ಕಿನಲ್ಲಿ ಹಡಾಸಾ ಎಂಬ ಯಹೂದಿ ಮಹಿಳೆಯರ ಸಂಘಟನೆ ಕಟ್ಟಿದರು. ಮರುವರ್ಷವೇ ಅವರು ಜೆರುಸಲೇಮಿಗೆ ಇಬ್ಬರು ದಾದಿಯರನ್ನು ಸಂಬಳ ಕೊಟ್ಟು ಕಳಿಸಿದರು. ಶಾಲೆಯ ಮಕ್ಕಳನ್ನು ಕುರುಡು ಮಾಡುತ್ತಿದ್ದ ಟ್ರಕೋಮಾ ಎಂಬ ಕಣ್ಣಿನ ರೋಗಕ್ಕೆ ಚಿಕಿತ್ಸೆ, ಹೆರಿಗೆಗೆ ನೆರವು, ಮನೆಮನೆ ಭೇಟಿ, ಇವು ಅವರ ಕೆಲಸ. ಹಡಾಸಾ ಜಿಯೋನಿಸ್ಟ್, ಅಂದರೆ ಯಹೂದಿ ರಾಷ್ಟ್ರವಾದಿ, ಸಂಘಟನೆ. ಅದರ ರಾಜಕೀಯದ ಬಗ್ಗೆ ತೀವ್ರ ವಾದ ಅಂದೂ ಇತ್ತು, ಇಂದೂ ಇದೆ, ಅದನ್ನು ಮರೆಮಾಚಬೇಕಿಲ್ಲ. ನಾನಿಲ್ಲಿ ಎತ್ತಿಕೊಳ್ಳುವುದು ಇಷ್ಟನ್ನೇ: ಶುರುವಿನಲ್ಲೇ ಅವರು ಸಾಮಾನು ಹಂಚುವುದನ್ನು ಬಿಟ್ಟು, ವರ್ಷವಿಡೀ ಒಂದೇ ಜಾಗದಲ್ಲಿದ್ದು ಮಕ್ಕಳ ಕಣ್ಣು ನೋಡುವ ಇಬ್ಬರನ್ನು ನೇಮಿಸಿದರು.

ಯಹೂದಿ ಧರ್ಮಶಾಸ್ತ್ರದಲ್ಲೂ ದಾನದ ಈ ವಿಚಾರವಿದೆ. ಹನ್ನೆರಡನೆಯ ಶತಮಾನದ ಪಂಡಿತ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ. ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟದ್ದು ಎಲ್ಲಕ್ಕಿಂತ ಕೆಳಗೆ. ಕೊಟ್ಟವರು ಯಾರೆಂದು ಪಡೆದವರಿಗೂ, ಪಡೆದವರು ಯಾರೆಂದು ಕೊಟ್ಟವರಿಗೂ ಗೊತ್ತಿಲ್ಲದ ದಾನ ಬಹಳ ಮೇಲೆ. ಅದಕ್ಕಿಂತಲೂ ಮೇಲಿನದು ಸಾಲ ಕೊಟ್ಟೋ, ಪಾಲುದಾರಿಕೆ ಮಾಡಿಕೊಂಡೋ, ಕೆಲಸ ಕೊಡಿಸಿಯೋ ಇನ್ನೊಬ್ಬರು ಕೈಚಾಚದಂತೆ ಮಾಡುವುದು. ಈ ಏಣಿಯಲ್ಲಿ ಫೋಟೊ ತೆಗೆದ ಬ್ಯಾಗನ್ನು ಎಲ್ಲಿಡಬೇಕೆಂದು ಓದುವವರೇ ನೋಡಿಕೊಳ್ಳಬಹುದು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿತ್ತೆಂದು ತಿಳಿಯಬಾರದು. ಅಮೆರಿಕದಲ್ಲಿ ಮೊದಲೇ ನೆಲೆಯೂರಿದ್ದ ಜರ್ಮನ್ ಮೂಲದ ಸ್ಥಿತಿವಂತ ಹೆಂಗಸರು, ಪೂರ್ವ ಯೂರೋಪಿನಿಂದ ಬಂದ ಬಡ ಹೆಂಗಸರ ಅಡುಗೆ, ಉಡುಗೆ, ಮಾತು ಎಲ್ಲವನ್ನೂ ತಿದ್ದಲು ಹೊರಟರು. ಬಂದವರಿಗೆ ಅದು ನೋಯಿತು. ಒಂದೇ ಧರ್ಮದವರಾದರೂ ಒಂದೇ ಪಂಕ್ತಿಯವರಾಗಲಿಲ್ಲ. ನಮಗೆ ಪರಿಚಿತವಾದ ಕಷ್ಟವೇ ಇದು.

ಮೈಮೊನಿಡಿಸ್ ಹೇಳಿದಂತೆ ಕೆಲಸ ಕೊಡಿಸುವಂಥದ್ದೇ ಎಲ್ಲಕ್ಕಿಂತ ಮೇಲೆಂದು ಒಪ್ಪುವುದಾದರೆ ಕೊಟ್ಟ ಕೆಲಸದ ಕೂಲಿಯ ಮಾತನ್ನೂ ಆಡಬೇಕು. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲೇ ಗೊತ್ತುಮಾಡಿದ ರಾಜ್ಯ ನಮ್ಮದು. ದೀಪಾವಳಿಗೆ ಮನೆಗೆಲಸದವರಿಗೆಲ್ಲ ಸೀರೆ ಹಂಚುವ ಸಂಘ, ಅವರ ಸಂಬಳ, ವಾರದ ರಜೆ, ಹುಷಾರಿಲ್ಲದ ದಿನದ ಕಡಿತ, ಕಟ್ಟಡದಲ್ಲಿ ಅವರು ಬಳಸಬಹುದಾದ ಶೌಚಾಲಯ ಇವನ್ನು ಎಂದಾದರೂ ಸಭೆಯ ವಿಷಯಪಟ್ಟಿಗೆ ತಂದಿದೆಯೇ? ಸೀರೆ ಹಂಚುವುದಕ್ಕಿಂತ ಇದಕ್ಕೆ ಹೆಚ್ಚು ಧೈರ್ಯ ಬೇಕು, ಏಕೆಂದರೆ ಇಲ್ಲಿ ಬದಲಾಗಬೇಕಾದದ್ದು ಸದಸ್ಯೆಯರ ಮನೆಯ ಲೆಕ್ಕ. ವಿಮರ್ಶಕಳಾಗಿ ನಾನು ಸಂಘವೊಂದನ್ನು ಅಳೆಯುವುದು ಇದೇ ಪ್ರಶ್ನೆಯಿಂದ. ವೃದ್ಧಾಶ್ರಮಕ್ಕೆ ಹೋಗಿ ಹಾಡುವುದು, ರಕ್ತದಾನ ಶಿಬಿರ, ಹಳೆ ಬಟ್ಟೆ ಸಂಗ್ರಹ ಎಲ್ಲವೂ ಒಳ್ಳೆಯವೇ. ಅವುಗಳಿಂದ ಸದಸ್ಯೆಯರ ಮನೆಯಲ್ಲಿ ಏನೂ ಅಲುಗಾಡುವುದಿಲ್ಲ.

ಇಷ್ಟೆಲ್ಲ ಆಕ್ಷೇಪದ ನಡುವೆ ನಾನು ಮನಸಾರೆ ಮೆಚ್ಚುವ ಒಂದು ಪದ್ಧತಿಯಿದೆ: ತಟ್ಟೆ ಬ್ಯಾಂಕು. ಗವಿಪುರದ ಅದಮ್ಯ ಚೇತನದಂಥ ಸಂಸ್ಥೆಗಳಿಂದ ಹೆಸರಾದ ಇದನ್ನು ಈಗ ಅನೇಕ ಬಡಾವಣೆಗಳ ಹೆಂಗಸರು ಸಣ್ಣ ಪ್ರಮಾಣದಲ್ಲಿ ನಡೆಸುತ್ತಾರೆ. ನಾಮಕರಣ, ಗೃಹಪ್ರವೇಶ, ತಿಥಿ, ಗಣೇಶನ ಊಟ ಯಾವುದೇ ಇರಲಿ, ಪ್ಲಾಸ್ಟಿಕ್ ತಟ್ಟೆ ಲೋಟ ಬೇಡ, ಸ್ಟೀಲಿನದು ಒಯ್ಯಿರಿ ಎನ್ನುತ್ತಾರೆ. ನಡೆಯುವ ರೀತಿ ಸರಳ. ತಟ್ಟೆಗಳು ಇಪ್ಪತ್ತೈದರ ಕಟ್ಟುಗಳಾಗಿ ಚೀಲದಲ್ಲಿರುತ್ತವೆ, ಲೋಟ ಒಂದರೊಳಗೊಂದು ಕೂತು ಬುಟ್ಟಿಯಲ್ಲಿ, ಚಮಚ ಡಬ್ಬದಲ್ಲಿ. ಒಯ್ಯುವವರು ಠೇವಣಿ ಇಡುತ್ತಾರೆ, ಪುಸ್ತಕದಲ್ಲಿ ಸಂಖ್ಯೆ ಬರೆದು ಸಹಿ ಮಾಡುತ್ತಾರೆ. ಮರಳಿಸುವಾಗ ಇಬ್ಬರು ಎದುರು ಬದುರು ಕೂತು ಎಣಿಸುತ್ತಾರೆ. ತಟ್ಟೆ ಕಳೆಯುವುದಿಲ್ಲ, ಚಮಚ ಕಳೆಯುತ್ತದೆ. ಎಂಜಲಿನ ಜೊತೆ ಕಸದ ಬುಟ್ಟಿಗೆ ಹೋಗಿರುತ್ತದೆ. ಅದರ ಬೆಲೆ ಠೇವಣಿಯಲ್ಲಿ ಮುರಿದುಕೊಂಡು ಉಳಿದದ್ದನ್ನು ಅಲ್ಲೇ ಕೊಡುತ್ತಾರೆ.

ಇದರ ಹೆಚ್ಚುಗಾರಿಕೆ ಕಸ ಕಡಿಮೆಯಾಗುವುದಷ್ಟೇ ಅಲ್ಲ. ಇಲ್ಲಿ ಎಲ್ಲರೂ ಒಂದೇ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಹನ್ನೆರಡನೇ ಮಹಡಿಯವರ ಸೀಮಂತಕ್ಕೆ ಹೋದ ತಟ್ಟೆಯೇ ಮರುವಾರ ಶೀಟಿನ ಮನೆಯವರ ಮಗಳ ಆರತಿಗೆ ಹೋಗಬಹುದು. ಕೊಟ್ಟವರು, ಪಡೆದವರು ಎಂಬ ಎರಡು ಸಾಲುಗಳೇ ಇಲ್ಲ. ಯಹೂದಿ ಬೀದಿಗಳಲ್ಲೂ ಇಂಥದ್ದೇ ವ್ಯವಸ್ಥೆಯಿದೆ, ಅದನ್ನು ಗೆಮಾಖ್ ಎನ್ನುತ್ತಾರೆ. ಬಡ್ಡಿಯಿಲ್ಲದ ಸಾಲದಿಂದ ಹಿಡಿದು ಮದುವೆಯ ಉಡುಪು, ತೊಟ್ಟಿಲು, ಊರುಗೋಲು, ಮಡಚುವ ಕುರ್ಚಿಯವರೆಗೆ ಎಲ್ಲವೂ ಎರವಲು ಸಿಗುತ್ತದೆ. ಅನೇಕ ಕಡೆ ಇದು ನಡೆಯುವುದು ಯಾವುದೋ ಗೃಹಿಣಿಯ ಮನೆಯ ಒಂದು ಕಪಾಟಿನಿಂದ. ಮದುವೆಯ ಹುಡುಗಿ ಬಡವಳೋ ಅಲ್ಲವೋ ಎಂದು ಅಲ್ಲಿ ಕೇಳಬೇಕಾಗಿಲ್ಲ.

ಆದರೆ ನಮ್ಮ ತಟ್ಟೆ ಬ್ಯಾಂಕಿನಲ್ಲೂ ಎರಡು ತೊಡಕುಗಳನ್ನು ಸರಿಪಡಿಸದೆ ಗತ್ಯಂತರವಿಲ್ಲ. ಮೊದಲನೆಯದು ಕೀಲಿಕೈ. ಕಪಾಟು ಕ್ಲಬ್ ಹೌಸಿನಲ್ಲಿದ್ದರೆ, ಗೇಟು ದಾಟಿ ಒಳಬರಲು ಕಾರಣ ಹೇಳಬೇಕಾದ ಹೆಂಗಸು ತಟ್ಟೆ ಕೇಳಲು ಬರುವುದಿಲ್ಲ. ಹಳೇ ಊರಿನ ಸ್ತ್ರೀಶಕ್ತಿ ಗುಂಪಿಗೆ ಒಂದು ಕೀಲಿಕೈಯನ್ನೂ ಅರ್ಧ ಸಾಮಾನನ್ನೂ ಕೊಟ್ಟು, ಪುಸ್ತಕವನ್ನು ಅವರೇ ಇಡುವಂತೆ ಮಾಡಬೇಕು. ಎರಡನೆಯದು ತೊಳೆಯುವ ಕೆಲಸ. ನೂರೈವತ್ತು ಜನರ ಊಟ ಮುಗಿದ ಮೇಲೆ ತಟ್ಟೆ ಲೋಟಗಳ ರಾಶಿ ಬೀಳುವುದು ಆ ಮನೆಯ ಕೆಲಸದವರ ಮುಂದೆ. ಪ್ಲಾಸ್ಟಿಕ್ ಬಿಟ್ಟ ಪುಣ್ಯ ಒಬ್ಬರಿಗೆ, ರಾತ್ರಿ ಹತ್ತು ಗಂಟೆಯವರೆಗಿನ ಸೊಂಟನೋವು ಇನ್ನೊಬ್ಬರಿಗೆ. ಆದ್ದರಿಂದ ಠೇವಣಿಯ ಜೊತೆಗೇ ತೊಳೆಯುವ ಕೂಲಿಯನ್ನೂ ತಟ್ಟೆಗೆ ಇಷ್ಟೆಂದು ಮುಂಗಡ ಕಟ್ಟಿಸಿಕೊಳ್ಳಬೇಕು. ದರ ಎಷ್ಟಿರಬೇಕೆಂಬುದನ್ನು ತೊಳೆಯುವವರು ಸಭೆಯಲ್ಲಿ ಕೂತು ಹೇಳಲಿ, ಅದು ನಡಾವಳಿಯಲ್ಲಿ ದಾಖಲಾಗಲಿ. ಏಪ್ರಿಲ್‌ನಲ್ಲಿ, ಬ್ಯಾಗಿಗೆ ಆರ್ಡರ್ ಕೊಡುವ ಮೊದಲು ಆ ಸಭೆ ಕರೆದರೆ, ಶಾಲೆಯ ತಾಯಂದಿರನ್ನೂ ಅಂಗನವಾಡಿ ಟೀಚರನ್ನೂ ಅದೇ ದಿನ ಕೂರಿಸಿಕೊಂಡು ನೋಟ್‌ಬುಕ್ಕಿನ ಲೆಕ್ಕವನ್ನೂ ಹಾಕಬಹುದು.