ಇಲ್ಲದವರ ಎಣಿಕೆ

ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಸುರಪುರ ಸೀಮೆಯ ಕೆಂಭಾವಿಯಲ್ಲಿ, ನೂರು ಒಕ್ಕಲುಮನೆಗಳ ಪೈಕಿ 70 ಹತ್ತಿಯನ್ನೂ, 80 ತೊಗರಿಯನ್ನೂ, 75 ಭತ್ತವನ್ನೂ ಬೆಳೆಯುವುವೆಂದು ಭಾವಿಸಿದರೆ, ಮೂರನ್ನೂ ಬೆಳೆಯುವ ಮನೆಗಳು ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬ ಪ್ರಶ್ನೆಯು ಗಣಸಿದ್ಧಾಂತದ ಅತ್ಯಂತ ರಮಣೀಯ ಸಮಸ್ಯೆಗಳಲ್ಲೊಂದು. ಜಾಣನಾದವನು ಇಲ್ಲಿ ಬೆಳೆಯುವವರನ್ನು ಬಿಟ್ಟು ಬೆಳೆಯದವರನ್ನು ಎಣಿಸುತ್ತಾನೆ: 30, 20, 25, ಒಟ್ಟು 75, ಈ ಕೊರತೆಗಳು ಒಂದೇ ಮನೆಯ ಮೇಲೆ ಎರಡಾಗಿ ಬೀಳದೆ ಬೇರೆಬೇರೆ ಮನೆಗಳಿಗೆ ಹಂಚಿಹೋದರೂ, ಮೂರೂ ಬೆಳೆಯುಳ್ಳ 25 ಮನೆಗಳು ಉಳಿದೇ ತೀರುವುವು. ಗರಿಷ್ಠವಾದರೋ ಅತ್ಯಲ್ಪವಾದ ಹತ್ತಿಯ ಗಣವನ್ನು, ಅಂದರೆ 70ನ್ನು, ಮೀರಲಾರದು.

ಆದರೆ ಮೂರರಲ್ಲಿ ಒಂದನ್ನೂ ಬೆಳೆಯದ ಮನೆಯೇ ಇರಕೂಡದೆಂಬ ನಿಬಂಧನೆಯನ್ನು ಸೇರಿಸಿದೊಡನೆ ಲೆಕ್ಕದ ಮುಖವೇ ಬದಲಾಗುತ್ತದೆ. ಮೂರು ಸಂಖ್ಯೆಗಳ ಮೊತ್ತ 225. ಮನೆಗೊಂದರಂತೆ ನೂರನ್ನು ಕಳೆದರೆ ಉಳಿಯುವುದು 125. ಮೂರೂ ಬೆಳೆಯುವ ಪ್ರತಿಯೊಂದು ಮನೆಯೂ ಅದರಲ್ಲಿ ಎರಡನ್ನು ಬೇಡುವುದರಿಂದ ಗರಿಷ್ಠವು 62ಕ್ಕೆ ಇಳಿಯುತ್ತದೆ. ಜಾನ್ ವೆನ್ 1880ರಲ್ಲಿ ವಿವರಿಸಿದ ವೃತ್ತಗಳು ಈ ಹಂಚಿಕೆಯನ್ನು ಕಣ್ಣಿಗೆ ತೋರಿಸುವುವು. ಅದನ್ನು ಹಿಗ್ಗಿಸಿ ಕುಗ್ಗಿಸುವ ಯುಕ್ತಿಯು ಮಾತ್ರ ಎಣಿಸುವವನದು. ಪೂರ್ಣ ವಿವರವಿಲ್ಲದಿದ್ದರೂ ಸತ್ಯವು ಯಾವ ಎಲ್ಲೆಗಳೊಳಗೆ ಇರಲೇಬೇಕೆಂದು ನಿಸ್ಸಂಶಯವಾಗಿ ಹೇಳಬಲ್ಲುದರಲ್ಲಿಯೇ ಈ ವಿದ್ಯೆಯ ಹಿರಿಮೆಯಿದೆ.