ಜೇಬಿಗೆ ಬಂದ ನಲವತ್ತು ಪಟ್ಟು ಜೂಮ್

ಮುಂಬೈನ ಆಂಟಾಪ್ ಹಿಲ್‌ನಿಂದ ತುಸು ದಕ್ಷಿಣಕ್ಕೆ ಹೋದರೆ ಶಿವಡಿಯ ಕೆಸರುಬಯಲು. ಚಳಿಗಾಲದಲ್ಲಿ ಅಲ್ಲಿ ಫ್ಲೆಮಿಂಗೊಗಳು ಬಂದಿಳಿಯುತ್ತವೆ. ಕಡಲು ಇಳಿದಾಗ ಹಕ್ಕಿಗಳೂ ದೂರ ಸರಿಯುತ್ತವೆ; ಮೊಬೈಲಿಗೆ ಸಿಗುವುದು ಗುಲಾಬಿ ಚುಕ್ಕೆಗಳಷ್ಟೇ. ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್740 ಎಚ್‌ಎಸ್ ಕ್ಯಾಮೆರಾದ ಬೆಲೆ ತಿಳಿಯುವುದು ಇಂಥ ಕಡೆ.

2017ರ ಎಸ್‌ಎಕ್ಸ್730ರ ಸುಧಾರಿತ ರೂಪವಾಗಿ ಇದು 2018ರಲ್ಲಿ ಬಂತು. 24ರಿಂದ 960 ಮಿಲಿಮೀಟರಿಗೆ ಸಮನಾದ ಲೆನ್ಸ್, 20.3 ಮೆಗಾಪಿಕ್ಸೆಲ್ ಎರಡೂ ಮೊದಲಿನವೇ. ಬದಲಾದದ್ದು ಪ್ರೊಸೆಸರ್. ಡಿಜಿಕ್ 8 ಬಂದದ್ದರಿಂದ 4ಕೆ ವಿಡಿಯೊ ಸಾಧ್ಯವಾಯಿತು. ಫೋಕಸ್ ಒಂದೆಡೆ ನಿಂತರೆ ಸೆಕೆಂಡಿಗೆ 10 ಚಿತ್ರ.

ಇಷ್ಟೆಲ್ಲ ಸುಮಾರು 300 ಗ್ರಾಂ ತೂಕದಲ್ಲಿ!

ಪೂರ್ತಿ ಜೂಮಿನಲ್ಲಿ ಕೈ ಚೂರು ಅಲುಗಿದರೂ ಹಕ್ಕಿ ಚೌಕಟ್ಟಿನಿಂದ ಮಾಯ. ಅದಕ್ಕೆಂದೇ ಇರುವ ಫ್ರೇಮಿಂಗ್ ಅಸಿಸ್ಟ್ ಗುಂಡಿ ಒತ್ತಿದರೆ ನೋಟ ಅಗಲವಾಗುತ್ತದೆ. ಹಕ್ಕಿಯನ್ನು ಹುಡುಕಿ ಬೆರಳು ತೆಗೆದರೆ ಜೂಮ್ ತಾನಾಗಿಯೇ ಹಿಂದಿನ ಜಾಗಕ್ಕೆ ಮರಳುತ್ತದೆ. ಇದೊಂದು ಸೊಗಸಾದ ಯೋಚನೆ. ದೊಡ್ಡ ಫ್ಲೆಮಿಂಗೊದ ಗುಲಾಬಿ ಕೊಕ್ಕಿನ ಕಪ್ಪು ತುದಿಯನ್ನೂ ಚಿಕ್ಕದರ ಗಾಢ ಕೆಂಪು ಕೊಕ್ಕನ್ನೂ ಬೇರ್ಪಡಿಸಿ ನೋಡಬೇಕೆಂದರೆ ಇಷ್ಟು ಹತ್ತಿರ ಹೋಗಲೇಬೇಕು.

ಕೊರತೆಗಳೂ ಇವೆ. ಜೂಮಿನ ತುದಿಯಲ್ಲಿ ಅಪರ್ಚರ್ ಎಫ್/6.9ಕ್ಕೆ ಕಿರಿದಾಗುತ್ತದೆ, ಸೆನ್ಸರೂ ಪುಟ್ಟದು. ಸಂಜೆಯಾದಂತೆ ಐಎಸ್‌ಒ ಏರಿ ಗರಿಗಳ ವಿವರ ಕಲಸಿಹೋಗುತ್ತದೆ. ರಾ ಫೈಲ್ ಇಲ್ಲದ್ದರಿಂದ ಆಮೇಲೆ ತಿದ್ದಲು ಹೆಚ್ಚು ಅವಕಾಶವಿಲ್ಲ. ವ್ಯೂಫೈಂಡರ್ ಕೂಡ ಇಲ್ಲ, ಬಿಸಿಲಿನಲ್ಲಿ ಅದು ಕಾಡುತ್ತದೆ. 730 ಇರುವವರು ವಿಡಿಯೊಗಾಗಿ ಅಲ್ಲದಿದ್ದರೆ ಬದಲಿಸಬೇಕಿಲ್ಲ. ಹೊಸದಾಗಿ ಕೊಳ್ಳುವವರಿಗೆ 740 ಒಳ್ಳೆಯ ಆಯ್ಕೆ.